ಪಾರ್ಕರ್ 51 ಏರೋಮೆಟ್ರಿಕ್: ಮೈ ನೋಡುವ ಮೊದಲು ಹೊಟ್ಟೆ ನೋಡಿ

ಹಳೆಯ ಪಾರ್ಕರ್ 51 ಕೈಗೆ ಸಿಕ್ಕಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಕ್ಯಾಪಿನ ಮೇಲೆ. ಚಿನ್ನದ್ದೋ ಸ್ಟೀಲಿನದ್ದೋ, ಬಾಣದ ಕ್ಲಿಪ್ಪು ನೆಟ್ಟಗಿದೆಯೋ ಸೊಟ್ಟಗಾಗಿದೆಯೋ ಎಂದು ತಿರುಗಿಸಿ ತಿರುಗಿಸಿ ನೋಡಿ ಬೆಲೆ ಕೇಳುತ್ತಾರೆ. ಈ ಪೆನ್ನಿನ ಮಟ್ಟಿಗೆ ಕ್ಯಾಪು ಕೊನೆಗೆ ನೋಡಬೇಕಾದ ವಸ್ತು. 51ರ ಯೋಗ್ಯತೆ ಇರುವುದು ಕಣ್ಣಿಗೆ ಬೀಳದ ಮೂರು ಭಾಗಗಳಲ್ಲಿ. ನಿಬ್ಬಿನ ಮುಸುಕಿನೊಳಗೆ ಕೂತ ಕಲೆಕ್ಟರ್, ಬ್ಯಾರೆಲ್ಲಿನೊಳಗಿನ ಇಂಕಿನ ಚೀಲ, ಆ ಚೀಲದ ನಡುವೆ ನಿಂತ ಕಡ್ಡಿಯಷ್ಟು ಸಣ್ಣ ಗಾಳಿ ನಳಿಗೆ. ಇವು ಸರಿಯಿದ್ದರೆ ಕ್ಯಾಪಿಗೆ ನಾಲ್ಕು ಕಡೆ ತಗ್ಗು ಬಿದ್ದ ಪೆನ್ನೂ ದಿನಾ ಹತ್ತು ಪುಟ ಬರೆದುಕೊಡುತ್ತದೆ. ಇವು ಕೆಟ್ಟಿದ್ದರೆ ಚಿನ್ನದ ಕ್ಯಾಪು ಹೊತ್ತ ಪೆನ್ನೂ ಷೋಕೇಸಿನ ಸಾಮಾನು ಅಷ್ಟೆ.

ಬರೆಯಲೆಂದು ಒಂದೇ ಒಂದು ಹಳೆಯ ಇಂಕ್ ಪೆನ್ನು ಕೊಳ್ಳುವುದಾದರೆ 1948ರ ನಂತರದ ಏರೋಮೆಟ್ರಿಕ್ 51 (ಪಟ್ಟಿ ಒತ್ತಿ ಚೀಲಕ್ಕೆ ಇಂಕು ತುಂಬುವ ಮಾದರಿ), ಸ್ಟೀಲ್ ಕ್ಯಾಪು, ಫೈನ್ ನಿಬ್ಬು, ಇಷ್ಟನ್ನೇ ಹುಡುಕಿ. ಏಕೆ ಎಂಬುದಕ್ಕೆ ಕಾರಣಗಳಿವೆ. ಆ ಕಾರಣಗಳು ಗೊತ್ತಿದ್ದರೆ ಅಂಗಡಿಯವರ ಮಾತಿಗೆ ಮರುಳಾಗುವ ಪ್ರಮೇಯ ಬರುವುದಿಲ್ಲ.

ಈ ಪೆನ್ನು ಹುಟ್ಟಿದ್ದೇ ಶಾಯಿಯ ದೆಸೆಯಿಂದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್ ಊರಿನಲ್ಲಿ ಜಾರ್ಜ್ ಸ್ಯಾಫರ್ಡ್ ಪಾರ್ಕರ್ 1888ರಲ್ಲಿ ಶುರು ಮಾಡಿದ ಕಂಪನಿ 1931ರಲ್ಲಿ ಕ್ವಿಂಕ್ ಶಾಯಿಯನ್ನು ಮಾರುಕಟ್ಟೆಗೆ ತಂದಿತ್ತು. ಅದಕ್ಕಿಂತಲೂ ಬೇಗ ಒಣಗುವ, ಬ್ಲಾಟಿಂಗ್ ಪೇಪರೇ ಬೇಡವೆನಿಸುವ ಶಾಯಿ ಬೇಕೆಂದು ಅವರು ಹಟ ಹಿಡಿದರು. ಕಾಗದದ ಮೇಲ್ಮೈಗೆ ಹಚ್ಚಿರುವ ಅಂಟಿನ ಲೇಪವನ್ನು ದಾಟಿ ಒಳಕ್ಕಿಳಿಯುವಂಥ ತೀಕ್ಷ್ಣ ಕ್ಷಾರದ ಶಾಯಿ ತಯಾರಾಯಿತು. ತೊಂದರೆ ಎದ್ದದ್ದು ಅಲ್ಲಿಂದ ಮುಂದೆ. ಆಗಿನ ಪೆನ್ನುಗಳ ಮೈಯೆಲ್ಲ ಸೆಲ್ಯುಲಾಯಿಡ್, ಆ ಶಾಯಿಗೆ ಅದು ತಡೆಯುತ್ತಿರಲಿಲ್ಲ. ಅಷ್ಟು ಬೇಗ ಒಣಗುವ ಶಾಯಿ ತೆರೆದ ನಿಬ್ಬಿನ ಮೇಲೂ ಬೇಗ ಒಣಗುತ್ತಿತ್ತು. ಮೊದಲನೆಯದಕ್ಕೆ ಪರಿಹಾರವಾಗಿ ಡ್ಯುಪಾಂಟ್ ಕಂಪನಿಯ ಲ್ಯೂಸೈಟ್ ಎಂಬ ಅಕ್ರಿಲಿಕ್ ಬಂತು. ಎರಡನೆಯದಕ್ಕೆ ಪರಿಹಾರ ಇಡೀ ಪೆನ್ನಿನ ರೂಪವನ್ನೇ ಬದಲಿಸಿತು. ನಿಬ್ಬನ್ನು ಕೊಳವೆಯಾಕಾರಕ್ಕೆ ಸುತ್ತಿ, ಮುಸುಕಿನೊಳಗೆ ಅಡಗಿಸಿ, ತುದಿಯಷ್ಟೇ ಹೊರಗೆ ಇಣುಕುವಂತೆ ಮಾಡಿದರು. ಕೆನೆತ್ ಪಾರ್ಕರ್ ಮತ್ತು ಮಾರ್ಲಿನ್ ಬೇಕರ್ ಮುಂತಾದವರ ಕೈಯಲ್ಲಿ 1939ರ ಹೊತ್ತಿಗೆ, ಅಂದರೆ ಕಂಪನಿಗೆ 51 ತುಂಬಿದ ವರ್ಷಕ್ಕೆ, ಇದು ಒಂದು ಹದಕ್ಕೆ ಬಂದಿತ್ತು. ಅದಕ್ಕೇ 51 ಎಂಬ ಹೆಸರು. ಪೆನ್ನಿಗೆ ಹೆಸರಿನ ಬದಲು ಸಂಖ್ಯೆ ಇಟ್ಟರೆ ಯಾವ ಭಾಷೆಯಲ್ಲೂ ಅನುವಾದದ ಗೋಜಿಲ್ಲ. 1941ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಾಗ ಬೆಲೆ 12.50 ಡಾಲರ್. ಅಲ್ಲಿ 1972ರ ವರೆಗೂ ತಯಾರಾಯಿತು. ಇಂಗ್ಲೆಂಡಿನ ನ್ಯೂಹೇವನ್ ಕಾರ್ಖಾನೆಯಲ್ಲೂ ಬಹುಕಾಲ ತಯಾರಾಯಿತು.

ಕಲೆಕ್ಟರ್ ಎಂಬ ಭಾಗವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮಾಮೂಲಿ ಪೆನ್ನಿನಲ್ಲಿ ನಿಬ್ಬಿನ ಕೆಳಗೆ ಒಂದು ನಾಲಗೆ, ಅದರಲ್ಲಿ ನಾಲ್ಕಾರು ಗೀರು. 51ರ ಮುಸುಕು ಬಿಚ್ಚಿದರೆ ಕಾಣುವುದು ಕಿರುಬೆರಳಿಗಿಂತ ತೆಳುವಾದ ಒಂದು ಉರುಳೆ. ಅದರ ಸುತ್ತ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಕೊರೆದ ಬಿಲ್ಲೆಬಿಲ್ಲೆ ಪದರಗಳು, ಪದರಗಳ ನಡುವೆ ಕೂದಲೆಳೆ ತೂರುವಷ್ಟು ಸಂದು. ಕೈಯ ಕಾವಿಗೆ ಚೀಲದ ಗಾಳಿ ಹಿಗ್ಗಿ ಇಂಕನ್ನು ಮುಂದೆ ತಳ್ಳಿದಾಗ, ಕಾಗದದ ಮೇಲೆ ತೊಟ್ಟಿಕ್ಕಬೇಕಾದ ಇಂಕು ಈ ಸಂದುಗಳಿಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ. ಬರೆಯುತ್ತ ಹೋದಂತೆ ಅಲ್ಲಿಂದಲೇ ಮೊದಲು ಖರ್ಚಾಗುತ್ತದೆ. ಹಾಗಾಗಿ ಸರಿಯಿರುವ 51 ಕಕ್ಕುವುದಿಲ್ಲ. ನಿಬ್ಬಿನ ಕೊಳವೆ ಸದಾ ಒದ್ದೆಯಾಗಿರುವುದರಿಂದ ಕ್ಯಾಪು ತೆಗೆದಿಟ್ಟು ಯೋಚಿಸುತ್ತ ನಾಲ್ಕೈದು ನಿಮಿಷ ಕೂತರೂ ಮೊದಲ ಅಕ್ಷರ ತೊದಲದೆ ಮೂಡುತ್ತದೆ. ಈ ಗುಣಕ್ಕೆ ತೆರಬೇಕಾದ ಬೆಲೆಯೂ ಇದೆ. ಅಷ್ಟು ಸಣ್ಣ ಸಂದುಗಳಲ್ಲಿ ಇಂಕು ಒಣಗಿ ಗಟ್ಟಿಯಾದರೆ ಬಿಡಿಸುವುದಕ್ಕೆ ದಿನಗಟ್ಟಲೆ ಬೇಕು.

ಮೊದಲ ಏಳು ವರ್ಷದ 51ಗಳಲ್ಲಿ ಇಂಕು ತುಂಬುವ ವ್ಯವಸ್ಥೆ ವ್ಯಾಕ್ಯುಮ್ಯಾಟಿಕ್. ಬ್ಯಾರೆಲ್ಲಿನ ಬಾಲದ ಮುಚ್ಚಳ ಬಿಚ್ಚಿ, ಒಳಗಿನ ಗುಂಡಿಯನ್ನು ಎಂಟು ಹತ್ತು ಸಲ ಒತ್ತಬೇಕು. ಒಳಗೆ ರಬ್ಬರಿನ ಒಂದು ಪಟಲ ಹಿಂದೆ ಮುಂದೆ ಮಡಚಿ ಇಂಕನ್ನು ಎಳೆದುಕೊಳ್ಳುತ್ತದೆ. ಬ್ಯಾರೆಲ್ಲೇ ಇಂಕಿನ ತೊಟ್ಟಿ, ಆದ್ದರಿಂದ ಇಂಕು ಹೆಚ್ಚು ಹಿಡಿಯುತ್ತದೆ. ಆದರೆ ರಬ್ಬರು ರಬ್ಬರೇ. ಎಂಬತ್ತು ವರ್ಷ ಹಳೆಯ ಪಟಲ ಇಂದು ಬಿರುಸಾಗಿ ಒಡೆದಿರುತ್ತದೆ, ಇಲ್ಲವೇ ಅಂಟಂಟಾಗಿ ಕರಗಿರುತ್ತದೆ. "ಪಟಲ ಹೊಸದು ಹಾಕಿದೆ" ಎಂಬ ಖಾತರಿಯಿಲ್ಲದೆ ವ್ಯಾಕ್ಯುಮ್ಯಾಟಿಕ್ ಕೊಂಡರೆ ರಿಪೇರಿಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅದನ್ನು ಬಿಚ್ಚಲು ತಕ್ಕ ಹಿಡಿತದ ಸಾಧನ ಬೇಕು, ಇಕ್ಕಳದಿಂದ ಆಗುವ ಕೆಲಸವಲ್ಲ.

1948ರಲ್ಲಿ ಬಂದ ಏರೋಮೆಟ್ರಿಕ್ ಈ ತಲೆನೋವನ್ನು ಬಗೆಹರಿಸಿತು. ಬ್ಯಾರೆಲ್ ಬಿಚ್ಚಿದರೆ ಸ್ಟೀಲಿನ ಒಂದು ಕವಚ, ಅದರ ಒಂದು ಪಕ್ಕದಲ್ಲಿ ಗೀರುಗೀರಾದ ಒತ್ತುಪಟ್ಟಿ, ಕವಚದೊಳಗೆ ಪಾರದರ್ಶಕ ಚೀಲ. ಪ್ಲೈ-ಗ್ಲಾಸ್ ಎಂದು ಪಾರ್ಕರ್ ಕರೆದ ಈ ಚೀಲ ರಬ್ಬರಿನದ್ದಲ್ಲ, ಪಿವಿಸಿಯದ್ದು. ಎಪ್ಪತ್ತು ವರ್ಷವಾದರೂ ಎಳೆಯ ಬೆಂಡೆಕಾಯಿಯಂತೆ ಮೆತ್ತಗೆ ಬಾಗುವ ಚೀಲಗಳು ಇಂದಿಗೂ ಸಾಮಾನ್ಯವಾಗಿ ಸಿಗುತ್ತವೆ. ಪೆನ್ನಿನ ಇತಿಹಾಸದಲ್ಲಿ ಇಷ್ಟು ದೀರ್ಘಕಾಲ ಬಾಳಿದ ಚೀಲ ಮತ್ತೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ. ಏರೋಮೆಟ್ರಿಕ್ ಕೊಳ್ಳಿ ಎಂದು ಒತ್ತಿ ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಅಂಗಡಿಯ ಮೇಜಿನ ಮುಂದೆ ನಿಂತಾಗ ಮಾಡಬೇಕಾದ ಕೆಲಸ ಹೀಗಿದೆ. ಒಂದು ಲೋಟ ತಣ್ಣೀರು, ಒಂದು ಬಿಳಿ ಟಿಶ್ಯೂ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಒಂದು ಭೂತಗನ್ನಡಿ ಜೊತೆಗಿರಲಿ. ಬ್ಯಾರೆಲ್ಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಜೋರು ಮಾಡಬೇಕಾಗಿ ಬಂದರೆ ನಿಲ್ಲಿಸಿ, ತಿರುಪಿನ ಮರೆಯಲ್ಲಿ ಒಣಗಿದ ಇಂಕು ಹಿಡಿದುಕೊಂಡಿರಬಹುದು. ಕವಚದ ತೆರೆದ ಪಕ್ಕದಿಂದ ಚೀಲದ ಬಣ್ಣ ನೋಡಿ. ಹಳದಿಗೆ ಅಥವಾ ಕಂದಿಗೆ ತಿರುಗಿದ್ದರೆ ಚಿಂತೆಯಿಲ್ಲ, ಅದು ಇಂಕಿನ ಕಲೆ. ಪಟ್ಟಿಯನ್ನು ಮೆಲ್ಲಗೆ ಒತ್ತಿದಾಗ ಚೀಲ ಬಗ್ಗದೆ ಕಟಕಟ ಎಂದರೆ ಅಲ್ಲಿಗೇ ಬಿಡಿ, ಅದು ಗಟ್ಟಿಯಾಗಿದೆ.

ಇನ್ನು ನೀರಿನ ಪರೀಕ್ಷೆ. ನಿಬ್ಬು ಕೆಳಗಾಗಿ, ಮುಸುಕಿನ ತುದಿ ಪೂರ್ತಿ ಮುಳುಗುವಂತೆ ಲೋಟಕ್ಕೆ ಅದ್ದಿ ಪಟ್ಟಿ ಒತ್ತಿ ಬಿಡಿ. ಮೊದಲ ಸಲ ಗುಳುಗುಳು ಎಂದು ಗುಳ್ಳೆಗಳು ಬರಬೇಕು. ಎರಡನೇ ಸಲ, ಮೂರನೇ ಸಲ ಗುಳ್ಳೆ ಕಡಿಮೆಯಾಗುತ್ತ ಐದಾರನೆಯ ಸಲಕ್ಕೆ ನಿಂತುಬಿಡಬೇಕು. ಒಳಗೆ ನಡೆಯುವುದು ಇಷ್ಟು: ಒತ್ತಿ ಬಿಟ್ಟಾಗ ನಳಿಗೆಯ ಮೂಲಕ ನೀರು ಮೇಲೇರಿ ಚೀಲದ ಒಳಗೆ ಬಿದ್ದು ತಳಕ್ಕೆ ಇಳಿಯುತ್ತದೆ. ನಳಿಗೆಯ ಬಾಯಿ ಮಾತ್ರ ಚೀಲದ ಮೇಲ್ತುದಿಯ ಹತ್ತಿರ ಗಾಳಿಯಲ್ಲೇ ಇರುತ್ತದೆ. ಮತ್ತೆ ಒತ್ತಿದಾಗ ಹೊರಬೀಳುವುದು ಗಾಳಿ, ತುಂಬಿದ ನೀರು ಅಲ್ಲೇ ಉಳಿಯುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಚೀಲ ತುಂಬುತ್ತದೆ. ಎರಡನೇ ಒತ್ತಿಗೇ ಗುಳ್ಳೆ ನಿಂತು ಬರೀ ನೀರು ಹೊರಬಂದರೆ ನಳಿಗೆ ಬುಡದಲ್ಲೇ ಮುರಿದಿದೆ ಎಂದರ್ಥ. ಅಂಥ ಪೆನ್ನು ಒಂದು ಒತ್ತಿನಷ್ಟು ಇಂಕನ್ನು ಮಾತ್ರ ಹಿಡಿಯುತ್ತದೆ. ಗುಳ್ಳೆಯೇ ಬಾರದೆ ಚೀಲ ಚಪ್ಪಟೆಯಾದಲ್ಲೇ ಉಳಿದರೆ ದಾರಿ ಕಟ್ಟಿಕೊಂಡಿದೆ. ಇದು ತೊಳೆದರೆ ಸರಿಹೋಗುವ ದೋಷ, ಬೆಲೆ ಇಳಿಸಲು ಒಳ್ಳೆಯ ಕಾರಣ.

ತುಂಬಿದ ಪೆನ್ನನ್ನು ಒರೆಸಿ, ನಿಬ್ಬು ಕೆಳಗಾಗಿ ಎರಡು ನಿಮಿಷ ಹಿಡಿಯಿರಿ. ಮುಸುಕು ಮುಗಿದು ಬ್ಯಾರೆಲ್ ಶುರುವಾಗುವಲ್ಲಿ ಒಂದು ಲೋಹದ ಬಳೆ ಇದೆ, ಕ್ಯಾಪು ಹಿಡಿದುಕೊಳ್ಳುವುದು ಅದಕ್ಕೇ. ಆ ಬಳೆಯ ಸುತ್ತ ಟಿಶ್ಯೂ ಒತ್ತಿದಾಗ ಒದ್ದೆಯಾದರೆ ಮುಸುಕಿನ ಮರೆಗೆ ಹಚ್ಚಿದ ಅರಗು ಬಿಟ್ಟಿದೆ. ರಿಪೇರಿ ಸಾಧ್ಯ, ಆದರೆ ತಿಳಿದವರ ಕೈಯಲ್ಲಿ.

ಇಷ್ಟಾದ ಮೇಲೆ ಭೂತಗನ್ನಡಿ. ಮುಸುಕಿನ ಮೂತಿ ನಿಬ್ಬಿನ ಸೀಳಿನ ನೇರಕ್ಕೆ ಕೂತಿರಬೇಕು. ಎಡಕ್ಕೋ ಬಲಕ್ಕೋ ಸರಿದಿದ್ದರೆ ಯಾರೋ ಬಿಚ್ಚಿ ಸರಿಯಾಗಿ ಜೋಡಿಸಿಲ್ಲ. ಮೂತಿಯ ಅಂಚಿನಲ್ಲಿ ಚೂರು ಹಾರಿದೆಯೇ, ಬಳೆಯ ಕಡೆಯಿಂದ ಕೂದಲೆಳೆಯಂಥ ಬಿರುಕು ಹೊರಟಿದೆಯೇ ನೋಡಿ. ನಿಬ್ಬಿನ ತುದಿಯ ಗಟ್ಟಿ ಲೋಹದ ಮಣಿ ಎರಡೂ ಹೋಳುಗಳಲ್ಲಿ ಸಮನಾಗಿ ಉಳಿದಿರಬೇಕು. ಒಂದು ಪಕ್ಕ ಚಪ್ಪಟೆಯಾಗಿ ಸವೆದಿದ್ದರೆ ಹಿಂದಿನವರ ಕೈಯ ಕೋನಕ್ಕೆ ಅದು ಒಗ್ಗಿಹೋಗಿದೆ, ನಿಮ್ಮ ಕೈಗೆ ಕೊರೆಯುತ್ತದೆ. ಮಣಿಯೇ ಇಲ್ಲದ ನಿಬ್ಬಿನ ಪೆನ್ನನ್ನು ಬಿಡಿಭಾಗಕ್ಕೆಂದು ಮಾತ್ರ ಕೊಳ್ಳಬಹುದು. ಈ ಕೊಳವೆ ನಿಬ್ಬಿಗೆ ಬದಲಿ ಸುಲಭವಾಗಿ ಸಿಗುವುದಿಲ್ಲ.

ಕ್ಯಾಪನ್ನು ಹಾಕಿ ತೆಗೆದು ನೋಡಿ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಜಾರಿ ಹೋಗಿ ಕೊನೆಯಲ್ಲಿ ಮೆತ್ತಗೆ ಹಿಡಿದುಕೊಳ್ಳಬೇಕು. ಸಡಿಲವಾಗಿದ್ದರೆ ಒಳಗಿನ ಸ್ಪ್ರಿಂಗ್ ಬೆರಳುಗಳು ಬಾಗಿವೆ. ಜೇಬಿನಲ್ಲಿಟ್ಟು ಓಡಾಡುವವರಿಗೆ ಇದು ಸಣ್ಣ ದೋಷವಲ್ಲ, ಪೆನ್ನು ಕೆಳಗೆ ಬಿದ್ದು ನಿಬ್ಬು ಸೊಟ್ಟಗಾದರೆ ಮಾಡುವುದೇನೂ ಉಳಿಯುವುದಿಲ್ಲ.

ಕೊಂಡ ಪೆನ್ನಿಗೆ ನೇರವಾಗಿ ಇಂಕು ತುಂಬಬೇಡಿ. ಹಳೆಯ ಇಂಕು ಕರಗಿ ಹೊರಬರಬೇಕು. ನಿಬ್ಬಿನಿಂದ ಬಳೆಯ ಕೆಳಗಿನವರೆಗೆ ತಣ್ಣೀರಲ್ಲಿ ಒಂದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಹೊಸ ನೀರಲ್ಲಿ ಮೂವತ್ತು ನಲವತ್ತು ಸಲ ಒತ್ತಿ ಬಿಟ್ಟು ಮಾಡಿ. ನೀಲಿ ನೀರು ಬರುತ್ತಲೇ ಇರುತ್ತದೆ. ನಿಂತಿತು ಅನ್ನಿಸಿದ ಮೇಲೂ ಅರ್ಧ ಗಂಟೆ ಬಿಟ್ಟು ಒತ್ತಿದರೆ ಮತ್ತೆ ನೀಲಿ, ಏಕೆಂದರೆ ಕಲೆಕ್ಟರಿನ ಸಂದುಗಳಿಂದ ಇಂಕು ನಿಧಾನಕ್ಕೆ ಊರಿ ಬರುತ್ತದೆ. ನೀರಿಗೆ ಬಗ್ಗದಿದ್ದರೆ ಒಂಬತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ಅಮೋನಿಯಾ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿ ಅದರಲ್ಲಿ ಇಪ್ಪತ್ತು ನಿಮಿಷ ಅದ್ದಿಟ್ಟು, ಆಮೇಲೆ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಕೊನೆಯಲ್ಲಿ ನಿಬ್ಬನ್ನು ಟಿಶ್ಯೂವಿನ ಮೇಲೆ ನಿಲ್ಲಿಸಿಟ್ಟರೆ ಟಿಶ್ಯೂ ಬಿಳಿಯಾಗಿಯೇ ಉಳಿಯಬೇಕು. ಈ ಕೆಲಸಕ್ಕೆ ಮೂರು ದಿನ ಹಿಡಿದರೂ ಅವಸರ ಮಾಡಬೇಡಿ.

ಮೂರು ತಪ್ಪುಗಳಿಂದ ಒಳ್ಳೊಳ್ಳೆಯ 51ಗಳು ಹಾಳಾಗಿವೆ. ಮೊದಲನೆಯದು ಕುದಿಯುವ ನೀರು. ಮುಸುಕಿನ ಮರೆಯ ಅರಗು 65ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆದುವಾಗುತ್ತದೆ. ಲ್ಯೂಸೈಟ್ 100 ಡಿಗ್ರಿಯ ಹತ್ತಿರ ಸೊಟ್ಟಗಾಗುತ್ತದೆ. ಎರಡರ ನಡುವಿನ ಅಂತರ ಹೆಚ್ಚಿಲ್ಲ. ಎರಡನೆಯದು ಸ್ಪಿರಿಟ್ ಮತ್ತು ನೇಲ್ ಪಾಲಿಷ್ ರಿಮೂವರ್. ಸ್ಪಿರಿಟ್ ತಾಗಿದ ಅಕ್ರಿಲಿಕ್ಕಿನಲ್ಲಿ ಜೇಡರ ಬಲೆಯಂಥ ಬಿರುಕು ಮೂಡುತ್ತದೆ, ಅಸಿಟೋನ್ ಅದನ್ನು ಕರಗಿಸಿಯೇ ಬಿಡುತ್ತದೆ. ಮೂರನೆಯದು ಲೋಹದ ಪಾಲಿಷ್. ಸ್ಟೀಲ್ ಕ್ಯಾಪಿನ ಮೇಲಿರುವ ಮಂಜಿನಂಥ ಮಂದ ಹೊಳಪನ್ನು ಲಸ್ಟ್ರಲಾಯ್ ಎನ್ನುತ್ತಾರೆ. ಹಿತ್ತಾಳೆ ದೀಪ ಉಜ್ಜಿದಂತೆ ಉಜ್ಜಿದರೆ ಅದು ಅಳಿಸಿಹೋಗಿ ತಟ್ಟೆಯಂತೆ ಮಿನುಗುತ್ತದೆ. ಆ ಮಿನುಗು ಕಂಡ ಕೂಡಲೇ ಸಂಗ್ರಾಹಕರು ಕೈ ಹಿಂದೆಗೆಯುತ್ತಾರೆ. ಬ್ಯಾರೆಲ್ ಉಜ್ಜುವಾಗಲೂ ಎಚ್ಚರ, ಸಣ್ಣಗೆ ಕೊರೆದ ಮುದ್ರೆ ಮೊದಲು ಮಾಯವಾಗುತ್ತದೆ.

ಸ್ಟೀಲ್ ಕವಚವನ್ನು ಎಳೆದು ತೆಗೆಯಲು ಹೋಗಬೇಡಿ. ಚೀಲ ನೋಡುವ ಆಸೆಗೆ ಎಳೆದವರ ಕೈಗೆ ಚೀಲ ಹರಿದು ಬರುತ್ತದೆ.

ಶಾಯಿಯ ವಿಷಯ. ಕವಚದ ಮೇಲೆ ಪಾರ್ಕರಿನವರೇ ಸೂಪರ್‌ಕ್ರೋಮ್ ಶಾಯಿ ಬಳಸಿ ಎಂದು ಕೊರೆದಿರುವುದನ್ನು ಕಾಣುತ್ತೀರಿ. ಅದನ್ನು ಪಾಲಿಸಬೇಡಿ. 1947ರಲ್ಲಿ ಬಂದ ಆ ಶಾಯಿಯೇ ಬೆಳ್ಳಿಯ ಗಾಳಿ ನಳಿಗೆಗಳನ್ನು ತಿಂದುಹಾಕಿದ್ದು. ಎಲ್ಲಿಯಾದರೂ ಹಳೆಯ ಸೀಸೆ ಸಿಕ್ಕರೆ ಸೀಸೆಯನ್ನು ಸಂಗ್ರಹಕ್ಕೆ ಇಟ್ಟುಕೊಳ್ಳಿ, ಶಾಯಿಯನ್ನು ಪೆನ್ನಿಗೆ ಹಾಕಬೇಡಿ. ಕ್ವಿಂಕ್, ಕ್ಯಾಮ್ಲಿನ್, ಬ್ರಿಲ್, ಸುಲೇಖಾ ಇಂಥ ಮಾಮೂಲಿ ಬಣ್ಣದ ಶಾಯಿಗಳು ಸಾಕು, ರಾಯಲ್ ಬ್ಲೂ ಆದರೆ ತೊಳೆಯಲು ಇನ್ನೂ ಸುಲಭ. ಮಿಂಚಿನ ಪುಡಿ ಬೆರೆಸಿದ ಶಾಯಿ, ಚಿತ್ರ ಬರೆಯುವ ಇಂಡಿಯನ್ ಇಂಕ್, ಕಬ್ಬಿಣದ ಅಂಶವಿರುವ ದಾಖಲೆ ಶಾಯಿ ಇವುಗಳನ್ನು ಹತ್ತಿರ ಸೇರಿಸಬೇಡಿ. ಬೇರೆ ಪೆನ್ನಿನಲ್ಲಿ ಕಟ್ಟಿಕೊಂಡರೆ ನಿಬ್ಬು ನಾಲಗೆ ಎಳೆದು ತೊಳೆಯಬಹುದು. 51ರಲ್ಲಿ ಮುಸುಕು ಬಿಚ್ಚದೆ ಆಗುವುದಿಲ್ಲ.

ತುಂಬುವಾಗ ಪಟ್ಟಿ ಒತ್ತಿ, ಬಿಟ್ಟು, ಎರಡು ಸೆಕೆಂಡು ಕಾದು, ಮತ್ತೆ ಒತ್ತಿ. ಒಟ್ಟು ಆರು ಸಲ. ಎಷ್ಟೋ ಜನ ಪಟಪಟ ಒತ್ತಿ ಮುಗಿಸಿ "ಇದಕ್ಕೆ ಇಂಕು ನಿಲ್ಲುವುದಿಲ್ಲ" ಎನ್ನುತ್ತಾರೆ. ಚೀಲ ಹಿಗ್ಗಿ ಹೀರಿಕೊಳ್ಳುವುದಕ್ಕೆ ಸಮಯ ಬೇಕು, ತೊಂದರೆ ಇರುವುದು ಅಲ್ಲಿ. ಸೀಸೆಯಲ್ಲಿ ಇಂಕು ತಳ ಕಂಡಿದ್ದರೆ ಮುಸುಕಿನ ಮೂತಿ ಮುಳುಗದೆ ಗಾಳಿ ಎಳೆಯುತ್ತದೆ, ಸೀಸೆ ಓರೆ ಮಾಡಿ ಹಿಡಿಯಿರಿ.

ನಳಿಗೆಯ ಬುಡದಲ್ಲಿ ಸೂಜಿಮೊನೆಯಷ್ಟು ಒಂದು ತೂತಿದೆ. ಜೇಬಿನಲ್ಲಿ ಪೆನ್ನು ನಿಬ್ಬು ಮೇಲಾಗಿ ನಿಂತಾಗ ಇಂಕು ಚೀಲದ ತಳಕ್ಕಿಳಿದು ನಳಿಗೆಯ ಬಾಯಿ ಮುಳುಗುತ್ತದೆ. ವಿಮಾನ ಮೇಲೇರಿ ಒಳಗಿನ ಗಾಳಿ ಹಿಗ್ಗಿದರೆ ಆ ಬಾಯಿಯ ಮೂಲಕ ಇಂಕೇ ಹೊರಗೆ ನುಗ್ಗಬೇಕಿತ್ತು. ಇಂಕಿನ ಮಟ್ಟಕ್ಕಿಂತ ಮೇಲಿರುವ ಈ ತೂತು ಗಾಳಿಗೆ ಬೇರೆ ದಾರಿ ಕೊಡುತ್ತದೆ. ಏರೋಮೆಟ್ರಿಕ್ ಎಂಬ ಹೆಸರಿಗೆ ಒಪ್ಪುವ ಕೆಲಸ. ಆದರೂ ವಿಮಾನದಲ್ಲಿ ಪೆನ್ನನ್ನು ನೆಟ್ಟಗೆ ಇಟ್ಟುಕೊಂಡರೆ ಮಾತ್ರ ಇದರ ಲಾಭ, ಬ್ಯಾಗಿನಲ್ಲಿ ಅಡ್ಡ ಮಲಗಿಸಿದರೆ ಇಲ್ಲ.

ಬರವಣಿಗೆಗೆ ಬರೋಣ. ಇದರ ನಿಬ್ಬು ಮೊಳೆಯಂತೆ ಗಟ್ಟಿ. ಒತ್ತಿದರೆ ದಪ್ಪ, ಬಿಟ್ಟರೆ ತೆಳು ಎಂಬ ವಯ್ಯಾರ ಇದರಲ್ಲಿಲ್ಲ, ಅದನ್ನು ಬಯಸುವವರು ಬೇರೆ ಪೆನ್ನು ನೋಡಬೇಕು. ಕನ್ನಡ ಬರೆಯುವವರಿಗೆ ಈ ಗಟ್ಟಿತನ ಅನುಕೂಲವೇ. ನಮ್ಮ ಅಕ್ಷರಗಳಲ್ಲಿ ನೇರ ಗೆರೆ ಅಪರೂಪ. ಒಂದು "ಜ" ಅಥವಾ "ಖ" ಬರೆಯುವಷ್ಟರಲ್ಲಿ ನಿಬ್ಬು ಕೆಳಕ್ಕೆ, ಎಡಕ್ಕೆ, ಮೇಲಕ್ಕೆ, ಬಲಕ್ಕೆ ಎಲ್ಲ ಕಡೆ ಸುತ್ತಿ ಬರುತ್ತದೆ. ಮೇಲಕ್ಕೆ ತಳ್ಳುವಾಗ ಮೆತ್ತನೆಯ ನಿಬ್ಬು ಕಾಗದದ ನಾರಿಗೆ ಸಿಕ್ಕಿ ಚಿಮ್ಮುತ್ತದೆ. 51ರ ಗುಂಡು ಮಣಿ ಯಾವ ದಿಕ್ಕಿಗೂ ಒಂದೇ ಸಮ ಜಾರುತ್ತದೆ, ತಿರುವಿನಲ್ಲಿ ಇಂಕು ತಪ್ಪುವುದಿಲ್ಲ.

ಫೈನ್ ನಿಬ್ಬು ಎಂದು ಹೇಳಿದ್ದಕ್ಕೂ ಕಾರಣ ನಮ್ಮ ಲಿಪಿಯೇ. ಮೀಡಿಯಂ ನಿಬ್ಬಿನ 51 ಧಾರಾಳವಾಗಿ ಇಂಕು ಬಿಡುತ್ತದೆ. ಮಾಮೂಲಿ ನೋಟ್‌ಬುಕ್ಕಿನ ತೆಳು ಹಾಳೆಯ ಮೇಲೆ ಬರೆದರೆ "ಷ"ದ ಹೊಟ್ಟೆ ಸೀಳಿದ ಗೆರೆ ತುಂಬಿಹೋಗಿ "ಪ"ದಂತೆ ಕಾಣುತ್ತದೆ, "ಧ" "ಭ"ಗಳ ಅಡಿಯ ಸೀಳು ಮಸಿಯ ಬೊಟ್ಟಾಗುತ್ತದೆ, ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದೊಡ್ಡ ಅಕ್ಷರದವರಿಗೆ, ಅಥವಾ 90 ಜಿಎಸ್‌ಎಂ ಮೇಲ್ಪಟ್ಟ ದಪ್ಪ ಕಾಗದದಲ್ಲಿ ಬರೆಯುವವರಿಗೆ ಮೀಡಿಯಂ ಚೆನ್ನ. ಬ್ರಾಡ್ ನಿಬ್ಬು ಸಹಿಗೆ.

ಒಂದು ಅನನುಕೂಲವನ್ನೂ ಹೇಳಬೇಕು. ನಿಬ್ಬು ಮುಸುಕಿನೊಳಗಿರುವುದರಿಂದ ಪೆನ್ನು ಬೆರಳ ನಡುವೆ ಸ್ವಲ್ಪ ಹೊರಳಿದರೂ ಗೊತ್ತಾಗುವುದಿಲ್ಲ. ಬರವಣಿಗೆ ಗೀಚಿದಂತಾದಾಗ ನಿಬ್ಬು ಕೆಟ್ಟಿತು ಎಂದುಕೊಳ್ಳುವ ಮೊದಲು ಮುಸುಕಿನ ಮೂತಿ ನೇರ ಮೇಲ್ಮುಖವಾಗಿದೆಯೇ ನೋಡಿ. ಹತ್ತರಲ್ಲಿ ಎಂಟು ಸಲ ದೋಷ ಅಷ್ಟೇ ಇರುತ್ತದೆ. ಪೆನ್ನಿನ ಉದ್ದ ಕ್ಯಾಪು ಸೇರಿ ಸುಮಾರು 13.7 ಸೆಂ.ಮೀ. ದೊಡ್ಡ ಕೈಯವರು ಕ್ಯಾಪನ್ನು ಹಿಂದೆ ಸಿಕ್ಕಿಸಿ ಬರೆದರೆ ತೂಕ ಹದವಾಗಿ ಕೂರುತ್ತದೆ. 1940ರ ದಶಕದ ಕೊನೆಯಲ್ಲಿ ಬಂದ ಡೆಮಿ ಎಂಬ ಗಿಡ್ಡ ಮಾದರಿಯೂ ಇದೆ, ಸಣ್ಣ ಕೈಗಳಿಗೆ, ಷರ್ಟಿನ ಗಿಡ್ಡ ಜೇಬಿಗೆ ಒಪ್ಪುತ್ತದೆ.

ಸಂಗ್ರಹದ ದೃಷ್ಟಿಯಿಂದ ನೋಡುವವರಿಗೆ ಲೆಕ್ಕಾಚಾರ ಬೇರೆ. 51 ಕೋಟಿಗಟ್ಟಲೆ ಮಾರಾಟವಾದ ಪೆನ್ನು. ಕಪ್ಪು ಬಣ್ಣ, ಸ್ಟೀಲ್ ಕ್ಯಾಪಿನ ಏರೋಮೆಟ್ರಿಕ್ಕನ್ನು "ಅಪರೂಪದ್ದು" ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಇವತ್ತು ಬಿಟ್ಟರೆ ನಾಳೆ ಇನ್ನೊಂದು ಸಿಗುತ್ತದೆ. ಬರ್ಗಂಡಿ, ಟೀಲ್ ಬ್ಲೂ, ಮಿಡ್‌ನೈಟ್ ಬ್ಲೂ, ನೇವಿ ಗ್ರೇ ಸಹ ಬೇಕಾದಷ್ಟಿವೆ. ಏರೋಮೆಟ್ರಿಕ್ಕಿನ ಮೊದಲ ವರ್ಷಗಳಲ್ಲಿ ಸ್ವಲ್ಪ ಕಾಲ ಮಾತ್ರ ಬಂದ ಪ್ಲಮ್ ಬಣ್ಣಕ್ಕೆ ಬೆಲೆಯಿದೆ. ಬರ್ಗಂಡಿಯನ್ನೇ ಪ್ಲಮ್ ಎಂದು ತೋರಿಸುವುದುಂಟು, ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ಬಿಸಿಲಿಗೆ ತನ್ನಿ. ಪ್ಲಮ್ಮಿನಲ್ಲಿ ನೇರಳೆಯ ಛಾಯೆ ಇರುತ್ತದೆ, ಬರ್ಗಂಡಿ ಕೆಂಪಿಗೆ ವಾಲುತ್ತದೆ. ವ್ಯಾಕ್ಯುಮ್ಯಾಟಿಕ್ ಕಾಲದ ನಾಸ್ಸೋ ಗ್ರೀನ್, ಬಕ್‌ಸ್ಕಿನ್, ಮಸ್ಟರ್ಡ್ ಬಣ್ಣಗಳನ್ನೂ, ತಲೆಗೂ ಬಾಲಕ್ಕೂ ಒಂದೊಂದು ಅಲಂಕಾರದ ಮಣಿ ಇರುವ ಪೆನ್ನುಗಳನ್ನೂ, 1941ರ ಮೊದಲ ವರ್ಷದವನ್ನೂ ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಕ್ಲಿಪ್ಪಿನ ಮೇಲೆ ನೀಲಿ ವಜ್ರದ ಗುರುತು ಇದ್ದರೆ ಅದು ಜೀವಮಾನದ ಗ್ಯಾರಂಟಿಯ ಚಿಹ್ನೆ, 40ರ ದಶಕದ್ದು.

ಅಮೆರಿಕದ ಹಳೆಯ 51ಗಳ ಬ್ಯಾರೆಲ್ ಮುದ್ರೆಯ ಪಕ್ಕದಲ್ಲಿ ಒಂದು ಅಂಕಿ, ಅದರ ಸುತ್ತ ಚುಕ್ಕೆಗಳು ಕಾಣುತ್ತವೆ. ಅಂಕಿ ಇಸವಿಯ ಕೊನೆಯ ಅಂಕಿ, ಚುಕ್ಕೆಗಳು ವರ್ಷದ ಮೂರು ಮೂರು ತಿಂಗಳ ಭಾಗವನ್ನು ಹೇಳುತ್ತವೆ. "6" ಎಂದಿರುವ ವ್ಯಾಕ್ಯುಮ್ಯಾಟಿಕ್ 1946ರದ್ದು. "1" ಎಂದಿದ್ದರೆ 1941 ಇರಬಹುದು, 1951 ಇರಬಹುದು. ಬ್ಯಾರೆಲ್ ಬಿಚ್ಚಿದಾಗ ಚೀಲ ಕಂಡರೆ 1951. ಕ್ಯಾಪಿನ ಅಂಚಿನಲ್ಲಿ 1/10, 12 ಕೆ ಎಂಬ ಗುರುತಿದ್ದರೆ ಹಿತ್ತಾಳೆಯ ಮೇಲೆ ಬೆಸೆದ 12 ಕ್ಯಾರೆಟ್ ಚಿನ್ನದ ಪದರ ಒಟ್ಟು ತೂಕದ ಹತ್ತನೇ ಒಂದು ಭಾಗ ಎಂದರ್ಥ. ಗಟ್ಟಿ ಚಿನ್ನವಲ್ಲ, ಬರೀ ಗಿಲೀಟೂ ಅಲ್ಲ.

ಬೆರಕೆ ಪೆನ್ನುಗಳ ಬಗ್ಗೆ ಎಚ್ಚರವಿರಲಿ. ಇಂಗ್ಲೆಂಡಿನ ಕ್ಯಾಪು, ಅಮೆರಿಕದ ಬ್ಯಾರೆಲ್, ಇನ್ನಾವುದೋ ಪೆನ್ನಿನ ಮುಸುಕು ಸೇರಿಸಿ ಒಂದಾಗಿ ಮಾರುತ್ತಾರೆ. ಮುಸುಕು ಮತ್ತು ಬ್ಯಾರೆಲ್ಲಿನ ಬಣ್ಣ ಬಿಸಿಲಿನಲ್ಲಿ ಒಂದೇ ಆಗಿರಬೇಕು, ಕ್ಯಾಪು ಮತ್ತು ಬ್ಯಾರೆಲ್ಲಿನ ಮುದ್ರೆ ಒಂದೇ ದೇಶ ಹೇಳಬೇಕು. ಬರೆಯಲು ಬೆರಕೆಯಾದರೂ ಅಡ್ಡಿಯಿಲ್ಲ, ಆದರೆ ಪೂರ್ಣ ಪೆನ್ನಿನ ಬೆಲೆ ಕೊಡಬೇಡಿ. ಯಾರದೋ ಹೆಸರು ಕೊರೆದ ಪೆನ್ನಿಗೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ಬರೆಯುವವರಿಗೆ ಅದೇ ಲಾಭ.

ಇದರ ನೆಂಟರಿಷ್ಟರೂ ಇದ್ದಾರೆ. 1948ರ ಪಾರ್ಕರ್ 21 ಹೊರನೋಟಕ್ಕೆ ತಮ್ಮನಂತಿದ್ದರೂ ಮೈ ಪಾಲಿಸ್ಟೈರೀನಿನದು. ಮುಸುಕು ಬಿರುಕು ಬಿಡುವುದು ಅದರ ಹುಟ್ಟುಗುಣ. 51 ಸ್ಪೆಷಲ್‌ನಲ್ಲಿ ಚಿನ್ನದ ಬದಲು ಆಕ್ಟೇನಿಯಂ ಎಂಬ ಮಿಶ್ರಲೋಹದ ನಿಬ್ಬು, ಕನ್ನಡಿಯಂತೆ ಹೊಳೆಯುವ ಕ್ಯಾಪು. ಒಳಗಿನ ಕಲೆಕ್ಟರ್, ಚೀಲ ಎಲ್ಲ ಅದೇ, ಬರವಣಿಗೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕಡಿಮೆ ದುಡ್ಡಿಗೆ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಬಹುದು. 1956ರ 61ರಲ್ಲಿ ಇಂಕು ತಾನಾಗಿ ಹೀರಿಕೊಳ್ಳುವ ವ್ಯವಸ್ಥೆ, ಕೇಳಲು ಚೆಂದ, ಒಣಗಿದರೆ ತೊಳೆದು ಮುಗಿಯುವುದಿಲ್ಲ. ನಮ್ಮಲ್ಲಿ ಹಲವರ ಮೊದಲ ಮುಸುಕಿನ ಪೆನ್ನಾದ ಚೀನಾದ ಹೀರೋ ಈ ಆಕಾರದ್ದೇ. ಹೀರೋ 100 ಒಳ್ಳೆಯ ಪೆನ್ನು. 616 ಅಗ್ಗದ್ದು, ಅದರಲ್ಲೂ ನಕಲಿಗಳು ತುಂಬಿವೆ. 51ರ ಹಿಡಿತ ಕೈಗೆ ಒಪ್ಪುತ್ತದೆಯೇ ಎಂದು ತಿಳಿಯಲು ಮೊದಲು ಒಂದು ಹೀರೋದಲ್ಲಿ ತಿಂಗಳು ಬರೆದು ನೋಡುವುದು ಬುದ್ಧಿವಂತಿಕೆ.

2021ರಲ್ಲಿ ಪಾರ್ಕರಿನವರು 51 ಎಂಬ ಹೆಸರಿನಲ್ಲೇ ಹೊಸ ಪೆನ್ನು ತಂದರು. ಆಕಾರ ಅದೇ, ಬಾಣದ ಕ್ಲಿಪ್ಪು ಅದೇ. ಕ್ಯಾಪು ಜಾರಿ ಕೂರುವ ಬದಲು ತಿರುಗಿಸಿ ಮುಚ್ಚಬೇಕು, ಚೀಲದ ಬದಲು ಕಾರ್ಟ್ರಿಜ್ ಅಥವಾ ಕನ್ವರ್ಟರ್, ಕೊಳವೆ ನಿಬ್ಬಿನ ಬದಲು ಮಾಮೂಲಿ ನಿಬ್ಬನ್ನೇ ಸಣ್ಣದು ಮಾಡಿ ಕೂರಿಸಿದ್ದಾರೆ. ಸಾಮಾನ್ಯ ಮಾದರಿಗೆ ಸ್ಟೀಲ್ ನಿಬ್ಬು, ಡಿಲಕ್ಸ್‌ಗೆ 18 ಕ್ಯಾರೆಟ್ ಚಿನ್ನದ್ದು. ಕ್ಯಾಪಿನ ತಿರುಪಿನ ಮರೆ ಮೈಮೇಲೆ ಇರುವುದರಿಂದ ಬೆರಳಿಡುವ ಜಾಗದ ಹತ್ತಿರ ಅದು ತಾಗುತ್ತದೆ. ಗ್ಯಾರಂಟಿ ಬೇಕು, ತೊಳೆಯುವ ರಗಳೆ ಬೇಡ ಎನ್ನುವವರಿಗೆ ಕೆಟ್ಟ ಪೆನ್ನೇನಲ್ಲ. ಆದರೆ ಡಿಲಕ್ಸ್‌ಗೆ ಕೊಡುವ ದುಡ್ಡಿಗೆ ಚೊಕ್ಕಟವಾಗಿ ರಿಪೇರಿ ಮಾಡಿದ ಹಳೆಯ ಏರೋಮೆಟ್ರಿಕ್ ಸಿಗುವಾಗ ನಾವು ಹಳೆಯದನ್ನೇ ಆರಿಸುತ್ತೇವೆ.

ಕೊಂಡ 51ನ್ನು ಒಂದು ತಿಂಗಳಿಗಿಂತ ಹೆಚ್ಚು ಬಳಸದೆ ಇಡುವುದಿದ್ದರೆ ಇಂಕು ಖಾಲಿ ಮಾಡಿ, ಟಿಶ್ಯೂ ಬಿಳಿಯಾಗುವವರೆಗೆ ತೊಳೆದು, ನಿಬ್ಬು ಕೆಳಗಾಗಿ ಒಂದು ದಿನ ಟಿಶ್ಯೂವಿನ ಮೇಲೆ ಒರಗಿಸಿ ಕಲೆಕ್ಟರಿನ ನೀರೆಲ್ಲ ಇಳಿಯಲು ಬಿಡಿ. ದಿನಾ ಬರೆಯುವ ಪೆನ್ನಾದರೆ ಮೂರು ತಿಂಗಳಿಗೊಮ್ಮೆ, ಮುಂದಿನ ಇಂಕು ತುಂಬುವ ಮೊದಲು, ಇಪ್ಪತ್ತು ಸಲ ನೀರು ಎಳೆದು ಬಿಟ್ಟರೆ ಸಾಕು.